ಅಷ್ಟೊಂದು ಓಡೇ ಇಲ್ಲ ಕಣೋ!

ನಮ್ಮ ಭಾವ ಯಾರನ್ನಾದರೂ ತಮ್ಮ ಮಾರುತಿ 800 ಪಕ್ಕ ನಿಲ್ಲಿಸಿಕೊಂಡರೆಂದರೆ ಮೊದಲ ಮಾತು ಒಂದೇ: ‘ಹದಿನೆಂಟು ವರ್ಷಕ್ಕೆ ಬರೀ ಮೂವತ್ತು ಸಾವಿರ. ಅಷ್ಟೊಂದು ಓಡೇ ಇಲ್ಲ ಕಣೋ!’ ಹೇಳುವಾಗ ಮೀಸೆ ತಾನಾಗಿ ಮೇಲೇಳುತ್ತದೆ.

ಕಾರಿನ ಹೊರಗಿನ ಉಪಚಾರಕ್ಕೆ ಕೊರತೆಯಿಲ್ಲ. ಭಾನುವಾರದ ಸ್ನಾನ, ಒರೆಸಲು ಹಳೇ ಮಲ್ಲು ಪಂಚೆ, ಸೀಟಿನ ಮೇಲೆ ಷೋರೂಮಿನವರು ಹಾಕಿಕೊಟ್ಟ ಪ್ಲಾಸ್ಟಿಕ್ಕು ಇವತ್ತಿಗೂ ಹಾಗೇ. ಆಯುಧಪೂಜೆಯ ದಿನ ಬೂದುಗುಂಬಳ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಬಾನೆಟ್ ಕಾಣದಷ್ಟು ಸೇವಂತಿಗೆ ಹಾಕುತ್ತಾರೆ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಿಸುವ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಹಾರಿದಾಗ ಸರ್ಕಾರವನ್ನು ಶಪಿಸುತ್ತಲೇ ಅದನ್ನೂ ಕಟ್ಟಿ ಬಂದರು.

‘ಎಂಜಿನ್ ಆಯಿಲ್ ಯಾವಾಗ ಬದಲಾಯಿಸಿದ್ದು ಭಾವ?’

‘ಓಡಿದ್ರೆ ತಾನೇ ಬದಲಾಯಿಸೋದು! ಐದು ಸಾವಿರ ಕಿಲೋಮೀಟರಿಗೆ ಒಂದ್ಸಲ ಅಂತಾರೆ, ನಂದು ಇನ್ನೂ ಆಗೇ ಇಲ್ಲ.’

‘ಆದರೂ, ಕೊನೇ ಸಲ?’

‘ಪುಟ್ಟಿ ಮದುವೆಗೆ ಮುಂಚೆ ಇರಬೇಕು.’

ಪುಟ್ಟಿಯ ಮಗ ಈಗ ಯುಕೆಜಿ. ಇದೇ ಭಾವ ಗಾಡಿಯ ಬೋಂಡಾ ಮುಟ್ಟುವುದಿಲ್ಲ. ‘ಎರಡು ದಿನ ಕಾಯಿಸಿದ ಎಣ್ಣೆ, ವಿಷ ಕಣೋ’ ಎಂದು ನನ್ನ ಕೈಯಿಂದಲೂ ಕಿತ್ತುಕೊಳ್ಳುತ್ತಾರೆ.

ಅವರು ಬಿರುದಿನಂತೆ ಹೇಳಿಕೊಳ್ಳುವ ಆ ‘ಓಡೇ ಇಲ್ಲ’ ಇದೆಯಲ್ಲ, ಎಂಜಿನ್ನಿಗೆ ಅದೇ ರೋಗ. ಸರಸ್ವತಿಪುರಂನಿಂದ ದೇವರಾಜ ಮಾರ್ಕೆಟ್ಟಿಗೆ ಎರಡು ಮೂರು ಕಿಲೋಮೀಟರ್. ವೀಳ್ಯದೆಲೆ, ಬಾಳೆಹಣ್ಣು, ವಾಪಸ್. ಎಂಜಿನ್ ಬಿಸಿಯಾಗುವಷ್ಟರಲ್ಲಿ ಕಾರು ಷೆಡ್ಡಿನಲ್ಲಿ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರೂ ಹುಟ್ಟುತ್ತದೆ ಎಂದರೆ ಭಾವ ನಂಬುವುದಿಲ್ಲ, ಆದರೆ ನಿಜ. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೋಗುತ್ತದೆ. ಸ್ವಲ್ಪ ಮಾತ್ರ, ಅರೆಬೆಂದ ಪೆಟ್ರೋಲಿನ ಜೊತೆ ಪಿಸ್ಟನ್ ರಿಂಗಿನ ಸಂದಿನಲ್ಲಿ ನುಸುಳಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದೂ ಆವಿಯಾಗಿ ಮೇಲೆದ್ದು ಹೋಗುತ್ತದೆ. ಕಾಯದಿದ್ದರೆ ಅಲ್ಲೇ ಆಯಿಲ್ ಜೊತೆ ಸಂಸಾರ ಹೂಡುತ್ತದೆ. ನೀರು, ಮಸಿ, ಆಮ್ಲ, ಹಳಸಿದ ಆಯಿಲ್ ಎಲ್ಲ ಸೇರಿ ದಪ್ಪ ಕಪ್ಪು ಗಸಿ ಕಟ್ಟುತ್ತದೆ. ಟೆಂಪರೇಚರ್ ಮುಳ್ಳು ನಡುವೆ ನಿಂತಿತೆಂದು ಮೋಸಹೋಗಬೇಡಿ. ಅದು ತೋರಿಸುವುದು ರೇಡಿಯೇಟರ್ ನೀರಿನ ಬಿಸಿಯನ್ನು. ಆಯಿಲ್ ಕಾಯುವುದು ಅದಕ್ಕಿಂತ ನಿಧಾನ.

ದಿನಾ ಬೆಳಿಗ್ಗೆ ಗೇಟಿನ ಮುಂದೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ವ್ರತವೂ ಭಾವನಿಗುಂಟು. ಅದರಿಂದ ಆಗುವ ಲಾಭವೆಂದರೆ ಎದುರುಮನೆಯವರಿಗೆ ಎಚ್ಚರವಾಗುವುದು. ಎಂಜಿನ್ನಿಗೆ ಇನ್ನಷ್ಟು ತೇವ, ಅಷ್ಟೆ. ಅದರ ಬದಲು ವಾರಕ್ಕೊಮ್ಮೆ ಅಕ್ಕನನ್ನೂ ಕೂರಿಸಿಕೊಂಡು ನಂಜನಗೂಡಿಗೆ ಹೋಗಿ ಬನ್ನಿ ಎಂದೆ. ಇಪ್ಪತ್ತೈದು ಕಿಲೋಮೀಟರ್ ಆಸುಪಾಸು, ನಂಜುಂಡೇಶ್ವರನ ದರ್ಶನ, ಎಂಜಿನ್ನಿನ ತೇವವೂ ಆರುತ್ತದೆ. ಅಕ್ಕ ಆಗಲೇ ಸೀರೆ ಹುಡುಕಲು ಹೋದಳು. ಭಾವ ಪೆಟ್ರೋಲ್ ರೇಟು ಹೇಳಿದರು.

ಅವರ ಇನ್ನೊಂದು ವಾದ: ‘ಕಡಿಮೆಯಾದಾಗ ಅರ್ಧ ಲೀಟರ್ ಹುಯ್ತೀನಲ್ಲ!’ ಹುಯ್ಯಿರಿ, ಬೇಡವೆನ್ನುವುದಿಲ್ಲ. ಮೇಲೆ ಹುಯ್ದದ್ದರಿಂದ ಕೆಳಗಿನ ಕೊಳೆ ಹೊರಗೆ ಹೋಗುವುದಿಲ್ಲ. ಆಯಿಲ್ ಒಳಗೆ ಕೊಳೆ ಬಿಡಿಸುವ, ಬಿಡಿಸಿದ್ದನ್ನು ತೇಲಿಸಿಡುವ ರಾಸಾಯನಿಕಗಳಿರುತ್ತವೆ. ಕಾಲ ಕಳೆದಂತೆ ಅವು ಸವೆಯುತ್ತವೆ. ಸಾದಾ ಆಯಿಲ್ ಆದರೆ ಐದು ಸಾವಿರ ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ನಮ್ಮವರು ಕಿಲೋಮೀಟರ್ ಓದುತ್ತಾರೆ, ತಿಂಗಳು ಓದುವುದಿಲ್ಲ. ಕಪ್ಪಾದ ಮಾತ್ರಕ್ಕೆ ಆಯಿಲ್ ಕೆಟ್ಟಿತು ಅನ್ನುವುದೂ ತಪ್ಪು. ಮಸಿಯನ್ನು ತೇಲಿಸಿಟ್ಟುಕೊಂಡಿರುವ ಆಯಿಲ್ ಕಪ್ಪಾಗಿಯೇ ಕಾಣಬೇಕು. ಡಿಪ್‌ಸ್ಟಿಕ್ ಎಳೆದು ಬೆರಳಲ್ಲಿ ಉಜ್ಜಿ ಪಂಡಿತರಂತೆ ತಲೆಯಾಡಿಸುವವರಿಗೆ ಈ ಮಾತು.

ಗಸಿ ನೋಡಬೇಕೆಂದರೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಗೆ ಟಾರ್ಚು ಹಿಡಿಯಿರಿ. ಹಳದಿ ಮಿಶ್ರಿತ ಬಿಳಿ ಕೆನೆ ಇದ್ದರೆ ತೇವ ಕೂತಿದೆ. ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ. ಕಪ್ಪು ಜಿಡ್ಡು ಮೆತ್ತಿದ್ದರೆ ಟ್ಯಾಪೆಟ್ ಕವರ್ ಬಿಚ್ಚಿಸಲೇಬೇಕು. ಹೊಗೆ ತಪಾಸಣೆಯ ಸರ್ಟಿಫಿಕೇಟು ಇದೊಂದನ್ನೂ ಹೇಳುವುದಿಲ್ಲ.

ಆಗ ಯಾರಾದರೊಬ್ಬ ಮೆಕ್ಯಾನಿಕ್ ‘ಸೀಮೆಎಣ್ಣೆ ಹಾಕಿ ಒಂದು ರೌಂಡ್ ಫ್ಲಶ್ ಹೊಡೆಯೋಣ ಸಾರ್’ ಅನ್ನುತ್ತಾನೆ. ಗಸಿ ದಪ್ಪಗಿದ್ದರೆ ಒಪ್ಪಬೇಡಿ. ವರ್ಷಗಟ್ಟಲೆ ಅಂಟಿಕೊಂಡಿದ್ದದ್ದು ತುಂಡುತುಂಡಾಗಿ ಎದ್ದು ನೇರ ಚೇಂಬರಿನ ಜಾಲರಿಗೆ ಅಡ್ಡಬೀಳುತ್ತದೆ. ಪಂಪಿಗೆ ಆಯಿಲ್ ಸಿಗದು, ಎಂಜಿನ್ನಿನ ತುದಿಯಲ್ಲಿರುವ ಕ್ಯಾಮ್‌ಶಾಫ್ಟ್ ಒಣಗಿ ತೇಯುತ್ತದೆ. ಚೇಂಬರ್ ಇಳಿಸಿ, ಜಾಲರಿಯನ್ನು ಕೈಯಲ್ಲೇ ತೊಳೆಸಿ. ಗಸಿ ತೆಳ್ಳಗಿದ್ದರೆ ಅದೂ ಬೇಡ. ಒಳ್ಳೆಯ ಆಯಿಲ್ ಹಾಕಿ, ಒಂದೂವರೆ ಎರಡು ಸಾವಿರ ಕಿಲೋಮೀಟರಿಗೇ ಫಿಲ್ಟರ್ ಸಮೇತ ಒಂದೆರಡು ಸಲ ಬದಲಾಯಿಸಿದರೆ ನಿಧಾನವಾಗಿ ತಾನೇ ಕರಗುತ್ತದೆ. ಎಂಜಿನ್ನಿನ ಆವಿಯನ್ನು ಎಳೆದುಕೊಳ್ಳುವ ಪಿಸಿವಿ ವಾಲ್ವನ್ನೂ ಬಿಚ್ಚಿ ಅಲ್ಲಾಡಿಸಿ ನೋಡಲು ಹೇಳಿ. ಟಕಟಕ ಅನ್ನದಿದ್ದರೆ ಕಟ್ಟಿಕೊಂಡಿದೆ. ಸಣ್ಣ ಸಾಮಾನು, ದುಡ್ಡೂ ಕಡಿಮೆ. ಇದನ್ನು ಕೇಳುವವರೇ ಇಲ್ಲ.

ಯಾವ ಗ್ರೇಡಿನ ಆಯಿಲ್ ಎಂಬುದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಭಾವನ ಪುಸ್ತಕ ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಂದಿಲ್ಲ. ಅದೂ ಅಷ್ಟೊಂದು ಓಡಿಲ್ಲ. ಎಂಜಿನ್ನಿನ ಸದ್ದು ಮುಚ್ಚಲು ಗಟ್ಟಿ ಆಯಿಲ್ ಹುಯ್ಯುವುದು, ಹೊಸ ಕಾರಿಗೆ ಹಾಕುತ್ತಾರೆಂದು ತೀರಾ ತೆಳುವಾದದ್ದನ್ನು ಹುಯ್ಯುವುದು ಎರಡೂ ಬೇಡ. ಬಿಚ್ಚಿದ ಹಳೇ ಆಯಿಲ್ ಚರಂಡಿಗೆ ಸುರಿಯಬೇಡಿ, ವರ್ಕ್‌ಷಾಪಿನ ಡ್ರಮ್ಮಿಗೇ ಹೋಗಲಿ.

ಇಷ್ಟರ ನಡುವೆ ಡ್ಯಾಷ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯ ಚಿತ್ರದ ಕೆಂಪು ದೀಪ ಓಡುವಾಗ ಹತ್ತಿತೋ, ‘ಮನೆ ಇಲ್ಲೇ ಇದೆಯಲ್ಲ’ ಅನ್ನಬೇಡಿ. ಆ ಕ್ಷಣವೇ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ, ಆಯಿಲ್ ಮಟ್ಟ ನೋಡಿ. ಮಟ್ಟ ಸರಿಯಿದ್ದರೂ ದೀಪ ಆರದಿದ್ದರೆ ಇಳಿದು ತಳ್ಳಿ. ಮಾರುತಿ 800 ತೂಗುವುದು ಆರುನೂರೈವತ್ತು ಕಿಲೋ ಚಿಲ್ಲರೆ, ಇಬ್ಬರು ಸೇರಿದರೆ ಸರಿಯುತ್ತದೆ.