ಜೋಗದ ಮುಂದೆ ಕಾಲುವೆ ತುದಿಯ ಯಜಮಾನರು

ಜಲಪಾತದರ್ಶನಕ್ಕೆ ಹೊರಡುವವರಲ್ಲಿ ಕವಿಗಳುಂಟು, ನವದಂಪತಿಗಳುಂಟು, ಫೋನನ್ನು ಕೋಲಿಗೆ ಸಿಕ್ಕಿಸಿ ಜಲಪಾತಕ್ಕೇ ಬೆನ್ನುಮಾಡಿ ನಿಲ್ಲುವ ತರುಣರುಂಟು. ಆದರೆ ಇವರೆಲ್ಲರಿಗಿಂತ ಏಕಾಗ್ರಚಿತ್ತದಿಂದ ನೀರನ್ನೇ ನೋಡುವ ಮಹನೀಯರೊಬ್ಬರಿದ್ದಾರೆ. ಅವರೇ ನಮ್ಮ ನಂದವರಂ ಸೀಮೆಯ, ಕಾಲುವೆ ತುದಿಯ ಯಜಮಾನರು.

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಆದವಾನಿ ಸೀಮೆಯಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ತೆಲುಗನ್ನೂ ಆಡುತ್ತ, ಬೈಯುವ ಪ್ರಸಂಗ ಬಂದಾಗ ಎರಡನ್ನೂ ನಿಷ್ಪಕ್ಷಪಾತವಾಗಿ ಬೆರೆಸುವ ಇವರ ಹೊಲವಿರುವುದು ತುಂಗಭದ್ರೆಯ ಕೆಳಮಟ್ಟದ ಕಾಲುವೆಯಾದ ಎಲ್‌ಎಲ್‌ಸಿಯ ತುದಿಯಲ್ಲಿ. ತುದಿಯೆಂದರೆ, ಹೊಸಪೇಟೆಯ ಅಣೆಕಟ್ಟಿನಿಂದ ಬಿಟ್ಟ ನೀರು ದಾರಿಯುದ್ದಕ್ಕೂ ಕಂಡವರ ಭತ್ತದ ಗದ್ದೆಗಳಲ್ಲಿ ಆತಿಥ್ಯ ಸ್ವೀಕರಿಸಿ, ತೂಬು ತೂಬಿನಲ್ಲೂ ತಂಗಿ, ಆಮೇಲೂ ಮನಸ್ಸಿದ್ದರೆ ಬಂದು ಸೇರುವ ಸ್ಥಳ. ಆದುದರಿಂದ ಯಜಮಾನರಿಗೆ ಪಂಚಾಂಗಕ್ಕಿಂತ, ಕಾಲುವೆಗೆ ನೀರು ಬಿಡುವ ಲಸ್ಕರನ ಮಾತಿನಲ್ಲಿ ನಂಬಿಕೆ ಹೆಚ್ಚು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ನದಿಗೆ ಹರಿದುಹೋಗುತ್ತಿದ್ದ ನೀರನ್ನು ಟಿವಿಯಲ್ಲಿ ಕಂಡು ಇವರು ಸೂತಕದವರಂತೆ ಕುಳಿತುಬಿಟ್ಟಿದ್ದರು.

ಇಂಥವರನ್ನು ಹೆಂಡತಿ, ಮಕ್ಕಳು, ಅಳಿಯ ಸೇರಿ ಜೋಗಕ್ಕೆ ಹೊರಡಿಸಿದರು. ಹೊಸಪೇಟೆಯಲ್ಲಿಯೇ ಕಾರು ನಿಲ್ಲಿಸಬೇಕಾಯಿತು. ಅಣೆಕಟ್ಟಿನ ಮಟ್ಟವನ್ನು ವಿಚಾರಿಸದೆ ಮುಂದೆ ಹೋಗುವುದು, ಮಂತ್ರಾಲಯಕ್ಕೆ ಹೋಗಿ ರಾಯರ ದರ್ಶನ ಮಾಡದೆ ಹಿಂದಿರುಗಿದಷ್ಟೇ ಅಪಚಾರವೆಂಬುದು ಅವರ ಮತ. ಸಾಗರವನ್ನು ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಯಾರೂ ಬೇಡದ ಕಡೆ, ಯಾವ ಬೆಳೆಗೂ ಅಲ್ಲದೆ, ರಸ್ತೆಯ ಮೇಲೆಯೇ ಧಾರಾಕಾರವಾಗಿ ಸುರಿಯುತ್ತಿದ್ದ ಆ ಮಳೆಯನ್ನು ಅವರು ಅನುಮಾನದಿಂದ ನೋಡಿದರು.

ಜೋಗದಲ್ಲಿ ಮಂಜು ಮುಸುಕಿತ್ತು. ಕಾಣದ ಜಲಪಾತದ ಘೋಷವನ್ನು ಕೇಳುತ್ತ ಜನರೆಲ್ಲ ಕೊಡೆಗಳ ಕೆಳಗೆ ಕಾದಿರಲು, ಗಾಳಿ ಬೀಸಿ ಪರದೆ ಸರಿದು, 253 ಮೀಟರುಗಳ ಆ ಕಂದರದಲ್ಲಿ ರಾಜ, ರಾಣಿ, ರೋರರ್, ರಾಕೆಟ್‌ಗಳೆಂಬ ನಾಲ್ಕು ಧಾರೆಗಳೂ ಒಮ್ಮೆಗೇ ಪ್ರತ್ಯಕ್ಷವಾದುವು. ಸುತ್ತಲಿನವರು ಹೋ ಎಂದರು. ಯಜಮಾನರ ಹೆಂಡತಿ ಕೈಮುಗಿದರು. ಯಜಮಾನರು ಮಾತ್ರ ತುಟಿಯಲ್ಲಿಯೇ ಏನನ್ನೋ ಗುಣಿಸುತ್ತಿದ್ದರು. ಒಂದು ಟಿಎಂಸಿಗೆ ಹತ್ತು ಸಾವಿರ ಎಕರೆ ಎಂಬ ಆಯಕಟ್ಟಿನ ಲೆಕ್ಕ ಅವರಿಗೆ ಬಾಯಿಪಾಠ. ರಾಜನೊಬ್ಬನಿಂದಲೇ ಎಮ್ಮಿಗನೂರಿನವರೆಗೆ ಶೇಂಗಾ ಆಗಿಹೋಗಿತ್ತು.

“ಅಳಿಯ, ಇಷ್ಟು ನೀರು ಎಲ್ಲಿಗೆ ಹೋಗ್ತಾವೋ?”

“ಹೊನ್ನಾವರಕ್ಕೆ, ಮಾವ. ಸಮುದ್ರಕ್ಕೆ.”

“ಮತ್ತ ಕರೆಂಟಿಗೆ ಹಿಡಿದಿಟ್ಟ ನೀರು?”

ಅಳಿಯ, 1948ರಲ್ಲಿ ಆರಂಭವಾದ ಕೆಳಗಿನ ವಿದ್ಯುದಾಗಾರವನ್ನೂ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟನ್ನೂ ವಿವರಿಸಿ, ಆ ನೀರೂ ಚಕ್ರ ತಿರುಗಿಸಿ ಕೊನೆಗೆ ಸಮುದ್ರವನ್ನೇ ಸೇರುವುದೆಂದು ಸತ್ಯ ನುಡಿದ. ಸುಳ್ಳು ಹೇಳಬಹುದಾಗಿತ್ತು. ಯಜಮಾನರು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಇದೇ ಜೋಗದ ಮುಂದೆ ನಿಂತು ವಿಶ್ವೇಶ್ವರಯ್ಯನವರೂ ನೀರಿನ ಅಪವ್ಯಯಕ್ಕಾಗಿ ಮರುಗಿದರೆಂಬ ಪ್ರತೀತಿಯುಂಟಷ್ಟೆ. ಅವರ ವ್ಯಥೆಯನ್ನು ದಾರ್ಶನಿಕತೆಯೆಂದು ಕೊಂಡಾಡುವ ನಾವು ಯಜಮಾನರ ವ್ಯಥೆಗೆ ನಗುವುದು ನ್ಯಾಯವೇ ಎಂದು ನನಗೆ ಆಗಾಗ ಸಂದೇಹ ಬರುವುದುಂಟು. ಆದರೂ ನಗು ಬರುತ್ತದೆ, ಏಕೆಂದರೆ ಅಷ್ಟರಲ್ಲಿ ಮತ್ತೆ ಮಂಜು ಕವಿದು ಎಲ್ಲರೂ ಅಯ್ಯೋ ಎಂದಾಗ, “ಸದ್ಯ, ಬಂದ್ ಮಾಡಿದ್ರು” ಎಂದು ನಿಟ್ಟುಸಿರುಬಿಟ್ಟವರು ಅವರೊಬ್ಬರೇ.

ಊರಿಗೆ ಮರಳಿದ ಮೇಲೆ ಕಟ್ಟೆಯ ಮೇಲಿನ ಗೆಳೆಯರು, ಜೋಗ ಹೇಗಿತ್ತೆಂದು ಕೇಳಿದರು. ಯಜಮಾನರು ಎಲೆಗೆ ಸುಣ್ಣ ಸವರುತ್ತ ದೀರ್ಘಕಾಲ ಆಲೋಚಿಸಿ, ಉದಾರಹೃದಯರಾಗಿ ತೀರ್ಪು ಕೊಟ್ಟರು: “ರಾಜ, ರಾಣಿ, ರೋರರ್ ಅವರೇ ಇಟ್ಕೊಳ್ಳಲಪ್ಪಾ, ಬ್ಯಾಡನ್ನಲ್ಲ. ಆ ರಾಕೆಟ್ ಒಂದನ್ನ ನಮ್ಮ ತೂಬಿನ ಕಡೆ ತಿರುಗಿಸಿಕೊಟ್ರ ಸಾಕು.”