ಮೂಟೆ ನಾಣ್ಯದ ಮಹಾಯೋಜನೆ

ಸೀನ: ಭಾವ, 20 ರೂಪಾಯಿಯ ಹೊಸ ನಾಣ್ಯ, ಸಾವಿರ ತಂದಿದ್ದೀನಿ. ಟಂಕಸಾಲೆ ಬಿಸಿಯೂ ಆರಿಲ್ಲ!

ಭಾವ: 20,000 ಕೊಟ್ಟು ಎಂಟೂವರೆ ಕೆ.ಜಿ. ಹೊತ್ತು ತಂದ್ಯಾ? ವ್ಯಾಯಾಮಕ್ಕಾ?

ಸೀನ: ಬಂಡವಾಳ ಭಾವ! ಹತ್ತು ವರ್ಷ ಬಿಟ್ಟು ನೋಡಿ, ಒಂದೊಂದಕ್ಕೂ ಲಕ್ಷ. ಹನ್ನೆರಡು ಮೂಲೆ ಇದೆ!

ಭಾವ: ಎಲ್ಲದಕ್ಕೂ ಅಷ್ಟೇ ಮೂಲೆ ಇದೆಯಲ್ಲಪ್ಪ. ನೀನು ಬಚ್ಚಿಟ್ಟೆ, ನಿನ್ನಂಥೋರೂ ಬಚ್ಚಿಟ್ಟರು. ಹತ್ತು ವರ್ಷಕ್ಕೆ ಎಲ್ಲರೂ ಹೊಳೆಯೋ ಮೂಟೆ ಹೊತ್ಕೊಂಡು ಬಂದ್ರೆ ಕೊಳ್ಳೋನ್ಯಾರು?

ಸೀನ: ಕರಗಿಸಿ ಲೋಹ ಮಾರ್ತೀನಿ.

ಭಾವ: 2011ರ ನಾಣ್ಯ ಕಾಯ್ದೆ, ಏಳು ವರ್ಷದವರೆಗೂ ಜೈಲು. ಊಟ ಬಿಟ್ಟಿ, ಅದೊಂದೇ ಲಾಭ.

ಸೀನ: ಹಾಗಾದ್ರೆ ಖರ್ಚು ಮಾಡ್ತೀನಿ.

ಭಾವ: ಅದೇ ಕಾಯ್ದೆ ಪ್ರಕಾರ, ಸಾವಿರ ರೂಪಾಯಿ ಮೀರಿ ನಾಣ್ಯ ಸುರಿದ್ರೆ ಅಂಗಡಿಯವನು ಬೇಡ ಅನ್ನಬಹುದು.

(ಕಾಫಿ ತಂದ ಅಕ್ಕ, ಮೂಟೆ ನೋಡಿ ಲೋಟ ವಾಪಸ್ ಒಯ್ದಳು. ಮನೆಯಲ್ಲಿ ಅರ್ಥಶಾಸ್ತ್ರ ಗೊತ್ತಿದ್ದವಳು ಅವಳೊಬ್ಬಳೇ.)

ಸೀನ: 2023ರ ಸಂಸತ್ ಭವನದ 75 ರೂಪಾಯಿ ನಾಣ್ಯ?

ಭಾವ: 35 ಗ್ರಾಂ, ಅರ್ಧ ಬೆಳ್ಳಿ. ಆದರೆ ಟಂಕಸಾಲೆಯೇ ಮುಖಬೆಲೆಯ ಹಲವು ಪಟ್ಟು ಬೆಲೆಗೆ ಮಾರಿತು. ನಿನ್ನ ಲಾಭ ಅವರೇ ಮೊದಲು ತಿಂದಾಯ್ತು.

ಸೀನ: ರಿಸರ್ವ್ ಬ್ಯಾಂಕ್ ಹೆಸರು ಹೇಳಿ ಒಬ್ಬ ಫೋನ್ ಮಾಡಿದ್ದ. ಶುಲ್ಕ ಕಟ್ಟಿದರೆ ಕೊಳ್ತಾನಂತೆ.

ಭಾವ: ಹಾಗೆ ಶುಲ್ಕ ಕೇಳೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ನಾಳೆ ಹೋಗಿ ಖಾತೆಗೆ ಕಟ್ಟು. ಶೇ 7ರ ಬಡ್ಡಿ ಸಿಕ್ಕರೆ ಹತ್ತು ವರ್ಷಕ್ಕೆ ಹೆಚ್ಚುಕಮ್ಮಿ ದುಪ್ಪಟ್ಟು. ಮೂಟೆಯಲ್ಲಿಟ್ಟರೆ ಆಗಲೂ 20,000ವೇ.