ಬೆಂಗಳೂರಿಗೆ ಆಡೋಕೆ ಆಧಾರ್ ಬ್ಯಾಡ್ವಾ?

ನಂಜನಗೂಡು, ತಿ. ನರಸೀಪುರದ ಸೀಮೆಯಲ್ಲಿ ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಟೆನಿಸ್ ಬಾಲ್ ಟೂರ್ನಮೆಂಟುಗಳ ಕಾಲ. ಹೆಡತಲೆಯ ಟೀ ಅಂಗಡಿ ಗೋಡೆಗೆ ಅಂಟಿಸಿದ ಕರಪತ್ರದಲ್ಲಿ ಮೇಲೆ ದೊಡ್ಡ ದಾನಿಗಳ ಫೋಟೋ, ಕೆಳಗೆ ಮರಿ ದಾನಿಗಳ ಫೋಟೋ, ಉಳಿದ ಜಾಗದಲ್ಲಿ ‘ಆಕರ್ಷಕ ಟ್ರೋಫಿ’. ತಳದಲ್ಲಿ ದಪ್ಪಕ್ಷರದ ಸೂಚನೆ: ಹೋಬಳಿಯ ಆಟಗಾರರಿಗೆ ಮಾತ್ರ ಅವಕಾಶ, ಆಧಾರ್ ಕಾರ್ಡ್ ಕಡ್ಡಾಯ. ಪಕ್ಕದ ಹೋಬಳಿಯ ವೇಗದ ಬೌಲರನನ್ನು ಸೋದರಮಾವನ ಮಗ ಅಂತ ನುಗ್ಗಿಸಲು ಹೋದವರು ಟಾಸಿಗೆ ಮುಂಚೆಯೇ ಸಿಕ್ಕಿಬೀಳುತ್ತಾರೆ. ಶಾಮಿಯಾನದಡಿ ಜೆರಾಕ್ಸ್ ಹಿಡಿದು ಕೂತ ಹುಡುಗ ಅಷ್ಟು ಬಿಗಿ.

ಆ ಹುಡುಗನೇ ಕೇಳಿದ: “ಅಲ್ಲ ಕಣಣ್ಣ, ನಮ್ಮೂರ್ಗ್ ಆಡೋಕೆ ಆಧಾರ್ ಬೇಕು. ಬೆಂಗ್ಳೂರ್ಗ್ ಆಡೋಕೆ ಬ್ಯಾಡ್ವಾ?”

ಬೇಡಪ್ಪ. 2008ರಲ್ಲಿ ಐಪಿಎಲ್ ಶುರುವಾದಾಗ ಪ್ರತಿ ತಂಡವೂ ತನ್ನ ಸೀಮೆಯ ಒಂದಷ್ಟು ಹುಡುಗರನ್ನು ಇಟ್ಟುಕೊಳ್ಳಲೇಬೇಕು ಅಂತ ನಿಯಮವಿತ್ತು. ಅದು ಆಮೇಲೆ ಸದ್ದಿಲ್ಲದೆ ಮಾಯವಾಯಿತು. ಆಗ ಆರ್‌ಸಿಬಿಯ ‘ಐಕಾನ್’ ಆಗಿದ್ದ ದ್ರಾವಿಡ್ 2011ರ ಹರಾಜಿನಲ್ಲಿ ರಾಜಸ್ಥಾನದ ಪಾಲಾದರು. ಈಗಿನ ಲೆಕ್ಕವೇ ಬೇರೆ: ತಂಡದಲ್ಲಿ ಹೆಚ್ಚೆಂದರೆ 25 ಜನ, ಅದರಲ್ಲಿ ವಿದೇಶಿಯರು 8 ಮೀರಬಾರದು. ಕೊಪ್ಪಳದ ಹುಡುಗರು ಎಷ್ಟು ಜನ ಇರಬೇಕು ಅಂತ ಯಾರೂ ಬರೆದಿಲ್ಲ. 2025ರ ಸೀಸನ್ನಿನ ಹರಾಜಿಗೆ ಮುನ್ನ ಆರು ಜನರನ್ನು ಉಳಿಸಿಕೊಳ್ಳಲು ಅವಕಾಶವಿದ್ದಾಗ ಆರ್‌ಸಿಬಿ ಉಳಿಸಿಕೊಂಡದ್ದು ಮೂವರನ್ನು: ದೆಹಲಿಯ ಕೊಹ್ಲಿ, ಮಧ್ಯಪ್ರದೇಶದ ಪಾಟಿದಾರ್, ಉತ್ತರಪ್ರದೇಶದ ದಯಾಳ್. ಅದೇ ನಿಯಮಪುಸ್ತಕದಲ್ಲಿ, ಐದು ವರ್ಷ ಅಂತರರಾಷ್ಟ್ರೀಯ ಪಂದ್ಯ ಆಡದವರನ್ನು ದೇಶಕ್ಕೆ ಆಡದ ಹೊಸಬರ ಸಾಲಿಗೆ ಸೇರಿಸಬಹುದಿತ್ತು. ಹಾಗಾಗಿ ವಿಶ್ವಕಪ್ ಎತ್ತಿದ ಧೋನಿಯನ್ನು ಚೆನ್ನೈನವರು ಉದಯೋನ್ಮುಖರ ರೇಟಿಗೆ, 4 ಕೋಟಿಗೆ ಉಳಿಸಿಕೊಂಡರು. ಸಬ್ಸಿಡಿ ಅಂದರೆ ಇದು.

ಆ ವರ್ಷ ಆರ್‌ಸಿಬಿಗೆ ಕಪ್ ಬಂತು. ನಾವೂ ಪಟಾಕಿ ಹೊಡೆದೆವು, ಸುಳ್ಳೇಕೆ. ಜೂನ್ 3ರ ಫೈನಲ್‌ನಲ್ಲಿ ಬೆಂಗಳೂರಿನ ಹನ್ನೊಂದರೊಳಗಿದ್ದ ಕರ್ನಾಟಕದ ಒಬ್ಬನೇ ಆಟಗಾರ ಮಯಾಂಕ್ ಅಗರ್ವಾಲ್. ಹರಾಜಿನಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ. ದೇವದತ್ತ ಪಡಿಕ್ಕಲ್‌ಗೆ ಗಾಯವಾದದ್ದರಿಂದ ಬಂದವರು. ಒಬ್ಬ ಕನ್ನಡಿಗ ಒಳಗೆ ಬರಬೇಕಾದರೆ ಇನ್ನೊಬ್ಬ ಕನ್ನಡಿಗನ ಸ್ನಾಯು ಹರಿಯಬೇಕು. ಎದುರಾಳಿ ಪಂಜಾಬಿನ ಪರ ಬೌಲ್ ಮಾಡುತ್ತಿದ್ದ ವೈಶಾಖ್ ವಿಜಯ್‌ಕುಮಾರ್ ಹಿಂದಿನ ವರ್ಷದವರೆಗೂ ಆರ್‌ಸಿಬಿಯಲ್ಲೇ ಇದ್ದ ಬೆಂಗಳೂರಿನ ಹುಡುಗ. ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಯಲ್ಲಿ ದೆಹಲಿಯ ಪರ ಔಟಾಗದೆ 93 ಹೊಡೆದ ಕೆ.ಎಲ್. ರಾಹುಲ್, ಇದು ನನ್ನ ಅಂಗಳ ಅನ್ನುವಂತೆ ಬ್ಯಾಟಿನಿಂದ ನೆಲದ ಮೇಲೆ ಸುತ್ತು ಗೆರೆ ಎಳೆದು ನಡುವೆ ಕುಕ್ಕಿದರು. ಜೇಬಿನಲ್ಲಿ ಆಧಾರ್ ಇರಲಿಲ್ಲವೇನೋ, ಪಾಪ.

ದುಡ್ಡಿನ ಆಟಕ್ಕೆ ನಿಯಮ ಹಾಕಲಾಗದು ಅನ್ನುವವರು ಅಮೆರಿಕದ ಬೇಸ್‌ಬಾಲ್ ನೋಡಲಿ. ಅಲ್ಲಿ ಆಡುವ ಪಟ್ಟಿ 26 ಜನರದ್ದು, ಕಾಪಾಡಿಕೊಳ್ಳುವ ಪಟ್ಟಿ 40ರದ್ದು. ಹದಿನೆಂಟು ಅಥವಾ ಅದಕ್ಕೂ ಚಿಕ್ಕ ವಯಸ್ಸಿನಲ್ಲಿ ಸೇರಿಸಿಕೊಂಡ ಹುಡುಗನಿಗೆ ಐದು ಸೀಸನ್, ಅದಕ್ಕಿಂತ ದೊಡ್ಡವನಿಗೆ ನಾಲ್ಕು. ಅಷ್ಟರೊಳಗೆ ಅವನನ್ನು ನಲವತ್ತರಲ್ಲಿ ಹಾಕದಿದ್ದರೆ ಡಿಸೆಂಬರಿನ ‘ರೂಲ್ ಫೈವ್’ ಆಯ್ಕೆಯಲ್ಲಿ ಯಾರು ಬೇಕಾದರೂ ಒಂದು ಲಕ್ಷ ಡಾಲರ್ ಕೊಟ್ಟು ಎತ್ತಿಕೊಂಡು ಹೋಗಬಹುದು. ಎತ್ತಿಕೊಂಡವರು ಸೀಸನ್ ಪೂರ್ತಿ ಅವನನ್ನು 26ರಲ್ಲಿ ಇಟ್ಟುಕೊಳ್ಳಬೇಕು. ಆಗದಿದ್ದರೆ ಹಳೆಯ ತಂಡಕ್ಕೆ ಅರ್ಧ ಬೆಲೆಗೆ ಹಿಂದಿರುಗಿಸಲು ಮುಂದಾಗಬೇಕು. ರಾಬರ್ಟೊ ಕ್ಲೆಮೆಂಟೆಯಂಥ ದೈತ್ಯನನ್ನು 1954ರಲ್ಲಿ ಬ್ರೂಕ್ಲಿನ್ ಡಾಜರ್ಸ್ ಹೀಗೆಯೇ ಕಳೆದುಕೊಂಡಿತು. ಪಿಟ್ಸ್‌ಬರ್ಗ್ ಕೊಟ್ಟದ್ದು 4 ಸಾವಿರ ಡಾಲರ್. ಅಂದರೆ ಹುಡುಗನನ್ನು ಆಡಿಸು, ಇಲ್ಲವೇ ಬಿಡು. ಅಟ್ಟದ ಮೇಲೆ ಇಟ್ಟು ಒಣಗಿಸಬೇಡ.

ನಮ್ಮಲ್ಲಿ ಅಟ್ಟಕ್ಕೇ ಬೆಲೆ. 2021ರಲ್ಲಿ ಕೆ. ಗೌತಮ್‌ರನ್ನು ಚೆನ್ನೈ ತಂಡ 9.25 ಕೋಟಿಗೆ ಕೊಂಡಿತು. ದೇಶಕ್ಕೆ ಆಡದವನಿಗೆ ಆವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಆ ಸೀಸನ್ನಿನಲ್ಲಿ ಅವರು ಆಡಿದ ಪಂದ್ಯ ಸೊನ್ನೆ.

ಹಳ್ಳಿಯವರು ಸಾಚಾ ಅಂತಲ್ಲ. ನಮ್ಮೂರ ಟೀಮಿನಲ್ಲೂ ರಿಟೆನ್ಷನ್ ಇದೆ: ಬ್ಯಾಟ್ ಯಾರದೋ ಅವನು ಕಾಯಂ, ಟೀಮನ್ನು ಟೆಂಪೋದಲ್ಲಿ ಕರೆದೊಯ್ಯುವವನು ಕಾಯಂ, ಟೀ ಶರ್ಟಿಗೆ ದುಡ್ಡು ಕೊಟ್ಟ ಮೆಂಬರ್ ಸಾಹೇಬರ ತಮ್ಮ ಕ್ಯಾಚ್ ಬಿಟ್ಟರೂ ಕಾಯಂ. ಯಾರ್ಕರ್ ಹಾಕಬಲ್ಲ ಹತ್ತನೇ ಕ್ಲಾಸಿನ ಹುಡುಗ ಬಾಳೆ ತೋಟಕ್ಕೆ ಬಿದ್ದ ಚೆಂಡು ಹೆಕ್ಕುತ್ತಾನೆ. ಆಧಾರ್ ಕೇಳದ ಟೂರ್ನಮೆಂಟು ಬಂದಾಗ ನರಸೀಪುರದ ಕಡೆಯವರು ಬೈಕಿನಲ್ಲಿ ಬಂದು, ಐನೂರು ರೂಪಾಯಿ, ಮಧ್ಯಾಹ್ನಕ್ಕೆ ಬಿರಿಯಾನಿ ಅಂದರೆ ಹಿಂದಿನ ಸೀಟು ಹತ್ತುತ್ತಾನೆ. ನಮ್ಮ ಸೀಮೆಯ ರೂಲ್ ಫೈವ್ ಅದು. ಆಮೇಲೆ ಅವನು ನಮ್ಮವರ ವಿಕೆಟ್ಟೇ ಕಿತ್ತಾಗ ಊರ ದ್ರೋಹಿ ಅಂತ ಕೂಗುವವರಲ್ಲಿ ಮೊದಲಿಗ ಬ್ಯಾಟಿನ ಯಜಮಾನ.

ಕರುಣ್ ನಾಯರ್ ಕಥೆ ಇದಕ್ಕಿಂತ ಹೆಚ್ಚೇನಲ್ಲ, ಬಿರಿಯಾನಿ ಮಾತ್ರ ನಾಗಪುರದ್ದು. ಟೆಸ್ಟಿನಲ್ಲಿ 303 ಹೊಡೆದವರಿಗೆ ಕರ್ನಾಟಕದ ತಂಡದಲ್ಲಿ ಜಾಗವಿಲ್ಲವಾಯಿತು. 2023ರಲ್ಲಿ ವಿದರ್ಭಕ್ಕೆ ಹೋದರು. 2024ರಲ್ಲಿ ನಮ್ಮ ಮೈಸೂರು ವಾರಿಯರ್ಸ್‌ಗೆ ಮಹಾರಾಜ ಟ್ರೋಫಿ ಗೆದ್ದುಕೊಟ್ಟ ನಾಯಕನೂ ಅವರೇ, ಆಗ ರಣಜಿಯ ಲೆಕ್ಕದಲ್ಲಿ ಹೊರರಾಜ್ಯದವರು. ಮುಂದಿನ ರಣಜಿ ಫೈನಲ್‌ನಲ್ಲಿ ಕೇರಳದ ವಿರುದ್ಧ 86 ಮತ್ತು 135, ಕಪ್ ವಿದರ್ಭಕ್ಕೆ. ಆಮೇಲೆ ಭಾರತ ತಂಡಕ್ಕೂ ಕರೆ ಬಂತು. ಅಷ್ಟಾದ ಮೇಲೆ, 2025-26ಕ್ಕೆ, ಅವರು ಕರ್ನಾಟಕಕ್ಕೇ ವಾಪಸ್. ವಿದರ್ಭದವರು ಎರಡು ಸೀಸನ್ ಆಡಿಸಿ, ಫಾರ್ಮಿಗೆ ತಂದು, ಕಪ್ ಇಟ್ಟುಕೊಂಡು ಆಟಗಾರನನ್ನು ಕಳಿಸಿಕೊಟ್ಟರು. ಅಮೆರಿಕದವರಾಗಿದ್ದರೆ ಅರ್ಧ ಬೆಲೆಯಾದರೂ ಕೇಳುತ್ತಿದ್ದರು.